ಕಡಲ ದಂಡೆಯ ಬೊಹೀಮಿಯನ್ ಮದುವೆ: ಛತ್ರದ ಅಭ್ಯಾಸಗಳಲ್ಲಿ ಯಾವುದನ್ನು ಬಿಟ್ಟು ಹೋಗಬೇಕು?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಆರು ವರ್ಷದಿಂದ ಮದುವೆ ಫೋಟೊ ತೆಗೆಯುತ್ತಿದ್ದೇನೆ, ಎಲ್ಲವೂ ಛತ್ರದ ಮದುವೆಗಳೇ. ಫೆಬ್ರವರಿ ಎರಡನೇ ವಾರ ಗೋಕರ್ಣದ ಕುಡ್ಲೆ ಬೀಚಿನಲ್ಲಿ ಒಂದು ಮದುವೆ ಒಪ್ಪಿಕೊಂಡಿದ್ದೇನೆ. ನಲವತ್ತು ಜನ, ಎಲ್ಲರೂ ಬರಿಗಾಲು, ಸ್ಟೇಜ್ ಇಲ್ಲ, ಮಂಟಪದ ಬದಲು ಒಂದು ಬಿದಿರಿನ ಕಮಾನು. ‘ಬೊಹೀಮಿಯನ್ ಸ್ಟೈಲ್, ಪೋಸ್ ಮಾತ್ರ ಬೇಡ’ ಎಂದಿದ್ದಾರೆ. ಸಂಜೆ ಐದಕ್ಕೆ ಶುರು. ನನ್ನ ಬಳಿ ಎರಡು ಫುಲ್‌ಫ್ರೇಮ್ ಬಾಡಿ, 35, 85, 70–200 ಎಂಎಂ ಲೆನ್ಸ್, ಎರಡು ಸ್ಪೀಡ್‌ಲೈಟ್ (ಕ್ಯಾಮೆರಾ ಫ್ಲ್ಯಾಶ್) ಇವೆ. ಹೇಗೆ ತಯಾರಾಗಲಿ?

ಉತ್ತರ: ಇರುವ ಸಾಮಾನು ಧಾರಾಳವಾಯಿತು, ಹೊಸ ಲೆನ್ಸಿಗೆ ದುಡ್ಡು ಹಾಕಬೇಡಿ. ಬದಲಾಗಬೇಕಾದದ್ದು ಛತ್ರದಲ್ಲಿ ಕೈಗೆ ಕೂತಿರುವ ಅಭ್ಯಾಸ. ಅಲ್ಲಿ ಬೆಳಕು ನಿಮ್ಮದು. ಹುಡುಗ–ಹುಡುಗಿ ಎಲ್ಲಿ ನಿಂತರೂ ಲೈಟ್ ತಿರುಗಿಸಿಕೊಂಡರೆ ಆಯಿತು. ದಂಡೆಯಲ್ಲಿ ಲೈಟ್ ತಿರುಗುವುದಿಲ್ಲ, ಜನರನ್ನೇ ತಿರುಗಿಸಬೇಕು. ಆ ತಿರುಗಿಸುವ ಕೆಲಸವನ್ನು ಕಮಾನಿನ ಗುಂಡಿ ತೋಡುವ ಹೊತ್ತಿಗೇ ಮುಗಿಸಿಬಿಟ್ಟರೆ, ‘ಪೋಸ್ ಬೇಡ’ ಎಂದವರಿಗೆ ಆಮೇಲೆ ನೀವು ಹೆಚ್ಚು ಮಾತಾಡುವ ಪ್ರಮೇಯವೇ ಬರುವುದಿಲ್ಲ.

ಬೊಹೀಮಿಯನ್ ಎಂಬ ಮಾತಿಗೆ ಹೆದರುವುದೂ ಬೇಡ. ರೋಮಾ ಅಲೆಮಾರಿಗಳು ಬೊಹೀಮಿಯಾದಿಂದ ಬಂದವರೆಂದು ತಿಳಿದು ಫ್ರೆಂಚರು ಇಟ್ಟ ಹೆಸರದು. 19ನೇ ಶತಮಾನದ ಪ್ಯಾರಿಸ್‌ನಲ್ಲಿ ಕಟ್ಟುಪಾಡಿಗೆ ಸಿಗದ ಕಲಾವಿದರಿಗೆ ಅಂಟಿಕೊಂಡಿತು. ಇವತ್ತಿನ ಮದುವೆ ಮಾತಿನಲ್ಲಿ ಅದರ ಅರ್ಥ ಇಷ್ಟೇ: ಮಣ್ಣಿನ ಬಣ್ಣಗಳು, ಒಣಹುಲ್ಲು, ನೂಲಿನ ಹೆಣಿಗೆ, ನೆಲದ ಮೇಲೆ ಚಾಪೆ–ದಿಂಬು, ಯಾವುದಕ್ಕೂ ಅವಸರವಿಲ್ಲದ ಸಂಜೆ. ಅವಸರ ಇಲ್ಲದಿರುವುದು ಅವರಿಗೆ. ನಿಮಗೆ ಮಾತ್ರ ಗಡಿಯಾರ ಇದ್ದೇ ಇರುತ್ತದೆ.

ಆ ವಾರ ಗೋಕರ್ಣದಲ್ಲಿ ಸೂರ್ಯ ಮುಳುಗುವುದು ಹೆಚ್ಚುಕಡಿಮೆ 6:35ಕ್ಕೆ. ಅಲ್ಲಿಂದ ಹಿಂದಕ್ಕೆ ಎಣಿಸಿ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚು ಓರೆಯಾಗದೆ ಬಹುತೇಕ ನೇರ ಇಳಿಯುತ್ತಾನೆ, ಹಾಗಾಗಿ ಒಂದು ಮುಷ್ಟಿ ಎಂದರೆ 40 ನಿಮಿಷ, ಒಂದು ಬೆರಳು ಎಂದರೆ ಸುಮಾರು 8 ನಿಮಿಷ. ಬೆರಳಿಗೆ 15 ನಿಮಿಷ ಎಂಬ ಲೆಕ್ಕ ವಿಡಿಯೊಗಳಲ್ಲಿ ಓಡಾಡುತ್ತಿರುತ್ತದೆ. ಸೂರ್ಯ ಓರೆಯಾಗಿ ಇಳಿಯುವ ದೂರದ ದೇಶಗಳಿಗೆ ಅದು ಹೊಂದಬಹುದು. ಅದನ್ನು ನಂಬಿ ಗೋಕರ್ಣದಲ್ಲಿ ನಿಂತರೆ ಅರ್ಧ ಹೊತ್ತಿಗೇ ಕತ್ತಲಾಗುತ್ತದೆ. ಇನ್ನೊಂದು ವಿಷಯ: ಫೆಬ್ರವರಿಯಲ್ಲಿ ಕಡಲ ಮೇಲೆ ಮಬ್ಬು ಕವಿದಿರುವುದು ಸಾಮಾನ್ಯ. ಎಷ್ಟೋ ದಿನ ಸೂರ್ಯ ನೀರು ಮುಟ್ಟುವುದಕ್ಕೆ ಒಂದು ಬೆರಳು ಮೊದಲೇ ಕೆಂಪು ಬಿಲ್ಲೆಯಾಗಿ ಮಂಕಾಗಿಬಿಡುತ್ತಾನೆ. ಕೂದಲಂಚು ಹೊಳೆಯುವ ಹಿಂಬೆಳಕು 6:25ಕ್ಕೇ ಮುಗಿಯಿತು ಎಂದಿಟ್ಟುಕೊಳ್ಳಿ.

ಐದು ಗಂಟೆಗೆ ಸೂರ್ಯ ಇನ್ನೂ ಎರಡು ಮುಷ್ಟಿಗಿಂತ ಮೇಲಿರುತ್ತಾನೆ. ಕಣ್ಣ ಕೆಳಗೆ ನೆರಳು, ಮರಳಿನ ಝಳ. ಶಾಸ್ತ್ರವನ್ನು 5:20ಕ್ಕೆ ಇಟ್ಟುಕೊಂಡು 5:45ಕ್ಕೆ ಮುಗಿಸಲು ಅವರನ್ನು ಒಪ್ಪಿಸಿ. ಆಮೇಲೆ ಆರರವರೆಗೆ ಮನೆಯವರ ಚಿಕ್ಕ ಚಿಕ್ಕ ಗುಂಪು, ಆರರಿಂದ 6:35ರವರೆಗೆ ಜೋಡಿ, ನಡುವೆ 6:10ರ ಸುಮಾರಿಗೆ ಐದೇ ನಿಮಿಷ ನಲವತ್ತೂ ಜನರ ಒಂದು ಗುಂಪು ಫೋಟೊ. ಮುಳುಗಿದ ಮೇಲೆ ಸಿಗುವ ನೀಲಿ ಬೆಳಕು ಇಪ್ಪತ್ತೇ ನಿಮಿಷ. ಪುರೋಹಿತರು ಇದ್ದು, ಗೋಧೂಳಿ ಮುಹೂರ್ತವೇ ಬೇಕೆಂದರೆ ಸರದಿ ಬದಲಿಸಿ, ಜೋಡಿಯ ಫೋಟೊ ಶಾಸ್ತ್ರಕ್ಕೆ ಮೊದಲು ತೆಗೆಯಿರಿ. ಎರಡನ್ನೂ ಒಂದೇ ಅರ್ಧ ಗಂಟೆಗೆ ತುರುಕಲು ಹೋದರೆ ಎರಡೂ ಹಾಳು.

ಇನ್ನು ಕಮಾನು. ಈ ಮದುವೆಯ ಅರ್ಧ ಕೆಲಸ ಇಲ್ಲಿದೆ. ಡೆಕೊರೇಟರ್ ಅದನ್ನು ನೀರಿಗೆ ಸಮಾನಾಂತರವಾಗಿ ನೆಟ್ಟು ‘ಹಿಂದೆ ಕಡಲು ಬಂತಲ್ಲ’ ಎನ್ನುತ್ತಾರೆ. ಸಾಲದು. ಫೆಬ್ರವರಿಯಲ್ಲಿ ಸೂರ್ಯ ಮುಳುಗುವುದು ನೇರ ಪಶ್ಚಿಮದಲ್ಲಲ್ಲ, ಆ ವಾರ ಸುಮಾರು 14 ಡಿಗ್ರಿ ದಕ್ಷಿಣಕ್ಕೆ. ಡಿಸೆಂಬರ್ ಕೊನೆಯಲ್ಲಾದರೆ 24 ಡಿಗ್ರಿ. ಕುಡ್ಲೆಗೆ ಎರಡೂ ತುದಿಯಲ್ಲಿ ಗುಡ್ಡದ ಮೂಗು ಚಾಚಿದೆ. ದಕ್ಷಿಣದ ತುದಿಗೆ ತೀರ ಹತ್ತಿರ ಕಮಾನು ನೆಟ್ಟರೆ ಸೂರ್ಯ ಕಡಲಿಗಿಂತ ಮೊದಲು ಗುಡ್ಡಕ್ಕೆ ಸಿಕ್ಕಿಕೊಳ್ಳಬಹುದು. ಹಿಂದಿನ ಸಂಜೆಯೇ ಹೋಗಿ, 5:30ಕ್ಕೆ ಸೂರ್ಯ ಎಲ್ಲಿದ್ದಾನೆ ನೋಡಿ, ಮರಳಲ್ಲಿ ಅವನತ್ತ ಕಾಲಿನಿಂದ ಗೆರೆ ಎಳೆದು, ಫೋನಿನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ. ಮರುದಿನ ಕಮಾನು ಆ ಗೆರೆಗೆ ಅಡ್ಡಲಾಗಿ, ಸೂರ್ಯ ಅದರ ನೇರ ಹಿಂದೆ ಬರುವಂತೆ ನಿಲ್ಲಬೇಕು. ಆಗ ಎದುರುಬದುರು ನಿಂತ ಇಬ್ಬರ ಮುಖದಲ್ಲೂ ಒಂದೇ ಮಟ್ಟದ ನೆರಳು, ತಲೆಗೂದಲಿಗೆ ಒಂದೇ ಹೊಳಪು. ಕಮಾನು 30–40 ಡಿಗ್ರಿ ತಿರುಗಿತು ಎಂದರೆ ಹುಡುಗನ ಮುಖಕ್ಕೆ ಬಿಸಿಲು, ಹುಡುಗಿಯದು ಕಪ್ಪು, ನಡುವೆ ಎರಡು–ಮೂರು ಸ್ಟಾಪ್ ಅಂತರ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು ಅಥವಾ ಅರ್ಧದಷ್ಟು). ಕಂಪ್ಯೂಟರಿನಲ್ಲಿ ಎಷ್ಟು ಗುದ್ದಾಡಿದರೂ ಅದು ಸರಿಹೋಗುವುದಿಲ್ಲ.

ಹುಡುಗಿಯನ್ನು ಯಾವ ಬದಿಗೆ ನಿಲ್ಲಿಸಬೇಕು ಎಂಬುದನ್ನು ಗಾಳಿಗೆ ಬಿಡಿ. ಚಳಿಗಾಲದ ಮಧ್ಯಾಹ್ನದಿಂದ ಸಂಜೆಯವರೆಗೆ ಕರಾವಳಿಯಲ್ಲಿ ಕಡಲ ಗಾಳಿ ಸಾಮಾನ್ಯವಾಗಿ ವಾಯವ್ಯದಿಂದ ಬೀಸುತ್ತದೆ. ಉತ್ತರಕ್ಕೆ ಮುಖ ಮಾಡಿದವರ ಕೂದಲು, ಸೆರಗು, ವೇಲ್ ಹಿಂದಕ್ಕೆ ಹಾರುತ್ತದೆ. ದಕ್ಷಿಣಕ್ಕೆ ಮುಖ ಮಾಡಿದವರಿಗೆ ಅದೇ ಕೂದಲು ಬಾಯಿಗೆ, ಕಣ್ಣಿಗೆ. ಹಾಗಾಗಿ ಕಡಲಿನತ್ತ ನೋಡುತ್ತ ಕೂತ ಅತಿಥಿಗಳ ಎಡಗಡೆ, ಅಂದರೆ ದಕ್ಷಿಣದ ಬದಿಯಲ್ಲಿ, ಹುಡುಗಿ ನಿಂತು ಉತ್ತರಕ್ಕೆ ನೋಡಬೇಕು. ಆ ದಿನ ಗಾಳಿ ಬೇರೆ ದಿಕ್ಕಿನದಾದರೆ ಬದಿ ಬದಲಿಸಿ. ಒಂದು ಹಿಡಿ ಒಣ ಮರಳು ಬಿಟ್ಟು ನೋಡಿದರೆ ತಿಳಿಯುತ್ತದೆ. ಪೂರ್ವಕ್ಕೆ ಮುಖ ಮಾಡಿ ಕೂರಿಸುವ ಶಾಸ್ತ್ರ ಇದ್ದರೆ ಗಾಳಿ ಬೆನ್ನಿಗೆ ಬೀಳುತ್ತದೆ, ಸೆರಗಿಗೆ ಎರಡು ಪಿನ್ ಜಾಸ್ತಿ ಹಾಕಿಸಿ. ಹೋಮದ ಹೊಗೆಯೂ ಅದೇ ಗಾಳಿಗೆ ದಡದ ಕಡೆ, ಅಂದರೆ ಅತಿಥಿಗಳ ಮೇಲೆ ಹೋಗುತ್ತದೆ. ಎದುರಿನಿಂದ ತೆಗೆದರೆ ಹೊಗೆಯೇ ಸಿಗುವುದು. ಉತ್ತರದ ಬದಿಗೆ ಸರಿದು ಪಕ್ಕದಿಂದ ತೆಗೆಯಿರಿ.

ಅತಿಥಿಗಳನ್ನು ಸಾಲಾಗಿ ಕೂರಿಸಿದರೆ ನಲವತ್ತೂ ಜನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿರುತ್ತಾರೆ. ಕುದುರೆ ಲಾಳದ ಆಕಾರದಲ್ಲಿ ಚಾಪೆ ಹಾಸಿಸಿ. ಬೊಹೀಮಿಯನ್ ಮದುವೆಗೆ ಅದು ಒಪ್ಪುತ್ತದೆ, ಜೊತೆಗೆ ಲಾಳದ ಎರಡು ತುದಿಯಿಂದ ನಿಮಗೆ ಓಡಾಡಲು ದಾರಿ ಸಿಗುತ್ತದೆ.

ಎಕ್ಸ್‌ಪೋಷರ್ ವಿಷಯಕ್ಕೆ ಬರೋಣ. ಒಣ ಮರಳು, ಹೊಳೆಯುವ ಕಡಲು ಎರಡೂ ಕ್ಯಾಮೆರಾದ ಮೀಟರನ್ನು ಏಮಾರಿಸುತ್ತವೆ. ಬಿಸಿಲು ಎದುರಿನಿಂದ ಬೀಳುತ್ತಿದ್ದರೆ +0.7ರಿಂದ +1, ಹಿಂಬೆಳಕಿದ್ದರೆ +1.3ರಿಂದ +2 ಕಾಂಪೆನ್ಸೇಷನ್ (ಮೀಟರಿನ ಲೆಕ್ಕಕ್ಕೆ ಕೂಡಿಸುವ ಸ್ಟಾಪ್) ಬೇಕಾಗುತ್ತದೆ. ಅದಕ್ಕಿಂತ ಮ್ಯಾನುಯಲ್ ಮೋಡ್ ವಾಸಿ: ಕೆನ್ನೆಗೆ ಸ್ಪಾಟ್ ಮೀಟರ್ (ಒಂದು ಚುಕ್ಕಿಯಷ್ಟು ಜಾಗವನ್ನೇ ಅಳೆಯುವ ಮೀಟರ್) ಹಿಡಿದು ಒಮ್ಮೆ ಹೊಂದಿಸಿ, ಹತ್ತು ನಿಮಿಷಕ್ಕೊಮ್ಮೆ ತಿದ್ದಿಕೊಳ್ಳಿ. 5:30ಕ್ಕೆ ಹಿಂಬೆಳಕಿನ ಮುಖಕ್ಕೆ ಐಎಸ್‌ಒ (ಸೆನ್ಸರಿನ ಸಂವೇದನೆ) 100, ಎಫ್/2.8 (ಲೆನ್ಸಿನ ಕಿಂಡಿ), 1/500 ಸೆಕೆಂಡ್ ಶಟರ್‌ನಿಂದ ಶುರು ಮಾಡಿ. 6:20ಕ್ಕೆ ಐಎಸ್‌ಒ 200–400, ಎಫ್/2, 1/500. ಮುಳುಗಿ ಹತ್ತು ನಿಮಿಷಕ್ಕೆ ಐಎಸ್‌ಒ 800, 1/250. ಮಬ್ಬು ಹೆಚ್ಚಿದ್ದರೆ ಒಂದು ಸ್ಟಾಪ್ ಆಚೀಚೆ ಆದೀತು. ರಾ (ಸಂಸ್ಕರಿಸದ ಮೂಲ ಫೈಲ್) ಕಡ್ಡಾಯ. ಆಕಾಶದಲ್ಲಿ ಸೂರ್ಯನ ಸುತ್ತ ಒಂದಿಷ್ಟು ಬೆಳ್ಳಗೆ ಸುಟ್ಟುಹೋದರೆ ಹೋಗಲಿ, ಮುಖ ಮುಖ್ಯ.

ಇಲ್ಲಿ ಪುಕ್ಕಟೆ ಸಿಗುವ ರಿಫ್ಲೆಕ್ಟರ್ ಒಂದಿದೆ, ಅದು ಮರಳು. ಆದರೆ ಒಣ ಮರಳು ಮಾತ್ರ. ಜೋಡಿ ಸೂರ್ಯನಿಗೆ ಬೆನ್ನು ಹಾಕಿ ನಿಂತಾಗ ಅವರ ಮುಂದಿನ ಮೂರು–ನಾಲ್ಕು ಮೀಟರ್ ಒಣ ಮರಳಿದ್ದರೆ ಅದರಿಂದ ಪುಟಿದ ಬೆಚ್ಚನೆ ಬೆಳಕು ಕತ್ತು, ಗಲ್ಲದ ಕೆಳಗಿನ ನೆರಳನ್ನು ತುಂಬುತ್ತದೆ. ಅವರನ್ನು ಕೂರಿಸಿದರೆ ಇನ್ನೂ ಚೆನ್ನ. ಒದ್ದೆ ಮರಳು ಕಪ್ಪಗಿರುತ್ತದೆ, ಮುಖಕ್ಕೆ ಏನನ್ನೂ ಕೊಡುವುದಿಲ್ಲ, ಆಕಾಶವನ್ನು ಮಾತ್ರ ಕನ್ನಡಿಯಂತೆ ತೋರಿಸುತ್ತದೆ. ಆದ್ದರಿಂದ ಮುಖ ಕಾಣುವ ಚಿತ್ರ ಒಣ ಮರಳಿನಲ್ಲಿ, ಪ್ರತಿಬಿಂಬದ ಚಿತ್ರ ಒದ್ದೆ ಮರಳಿನಲ್ಲಿ. ಅಲೆ ಹಿಂದೆ ಸರಿದ ಮೇಲೆ ಆ ಕನ್ನಡಿ ಉಳಿಯುವುದು ಕೆಲವೇ ಕ್ಷಣ, ಬರ್ಸ್ಟ್ ಮೋಡ್‌ನಲ್ಲಿ ಕಾದಿರಿ. ಇಳಿತದ ಹೊತ್ತಿಗೆ ಕನ್ನಡಿ ಅಗಲ, ಉಬ್ಬರದಲ್ಲಿ ಕಿರಿದು. ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹುಣ್ಣಿಮೆ–ಅಮಾವಾಸ್ಯೆಯ ಆಸುಪಾಸು ನೀರು ಹೆಚ್ಚು ಮೇಲೇರುತ್ತದೆ. ಟೈಡ್ ಟೇಬಲ್ ನೋಡಿ, ಅದಕ್ಕೂ ಮಿಗಿಲಾಗಿ ದಂಡೆಯಲ್ಲಿ ಒಣಗಿದ ಪಾಚಿ–ಕಸದ ಗೆರೆ ಎಲ್ಲಿದೆ ನೋಡಿ. ಹಿಂದಿನ ಉಬ್ಬರ ಅಲ್ಲಿಯವರೆಗೆ ಬಂದಿತ್ತು ಎಂದರ್ಥ. ಕಮಾನೂ ನಿಮ್ಮ ಬ್ಯಾಗೂ ಅದರಿಂದ ಮೇಲಕ್ಕಿರಲಿ.

ವೈಟ್ ಬ್ಯಾಲೆನ್ಸ್ ಆಟೊಗೆ ಬಿಡಬೇಡಿ, ಸಂಜೆಯ ಹೊನ್ನನ್ನು ಅದು ‘ಸರಿ’ ಮಾಡಿ ತೊಳೆದುಹಾಕುತ್ತದೆ. 5500 ಕೆಲ್ವಿನ್‌ಗೆ ಕಟ್ಟಿಹಾಕಿ, ಆರರ ನಂತರ ಬೇಕಿದ್ದರೆ 6000. ಅಬ್ಬಲಿಗೆ ಹೂವಿನ ಬಗ್ಗೆ ಒಂದು ಎಚ್ಚರಿಕೆ. ಕರಾವಳಿಯಲ್ಲಿ ಮುಡಿಗೆ ಅದು ಇದ್ದೇ ಇರುತ್ತದೆ. ಇಳಿಬಿಸಿಲಿನಲ್ಲಿ ಆ ಕಿತ್ತಳೆಯ ಕೆಂಪು ಚಾನೆಲ್ ಎಲ್ಲಕ್ಕಿಂತ ಮೊದಲು ತುಂಬಿಹೋಗಿ ಎಸಳಿನ ಗೆರೆಗಳೆಲ್ಲ ಅಳಿಸಿ ಬಣ್ಣದ ತೇಪೆಯಾಗಿಬಿಡುತ್ತದೆ. ಬಿಳಿ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಒಂದನ್ನೇ ನೋಡಿದರೆ ಅದು ಗೊತ್ತಾಗದು. ಮೂರು ಬಣ್ಣದ ಹಿಸ್ಟೋಗ್ರಾಮ್ ತೆರೆದಿಟ್ಟು, ಮುಡಿಯ ಕ್ಲೋಸಪ್‌ಗೆ ಮೂರರಲ್ಲಿ ಎರಡು ಪಾಲು ಸ್ಟಾಪ್ ಇಳಿಸಿ.

ಹೊಸಬರ ಬೀಚ್ ಫೋಟೊಗಳಲ್ಲಿ ಕಡಲಂಚು ಕತ್ತನ್ನು ಕುಯ್ದಂತೆ ಹಾದುಹೋಗಿರುತ್ತದೆ. ಇದಕ್ಕೆ ಕಾರಣ ಸರಳ. ದಿಗಂತ ಯಾವತ್ತೂ ನಿಮ್ಮ ಕ್ಯಾಮೆರಾದ ಎತ್ತರಕ್ಕೇ ಬರುತ್ತದೆ. ನೀವು ನಿಂತು ಕಣ್ಣಿಗೆ ಕ್ಯಾಮೆರಾ ಹಿಡಿದರೆ ನಿಮ್ಮಷ್ಟೇ ಎತ್ತರದವರ ಕಣ್ಣಿನ ಮಟ್ಟಕ್ಕೆ ಗೆರೆ, ಮಂಡಿಯೂರಿದರೆ ಸೊಂಟಕ್ಕೆ, ಮಲಗಿದರೆ ಮೀನಖಂಡಕ್ಕೆ. ದಂಡೆ ಇಳಿಜಾರಿದ್ದು ಅವರು ನೀರಿನ ಬದಿ ಕೆಳಗಿದ್ದರೆ ಗೆರೆ ಇನ್ನೂ ಮೇಲಕ್ಕೆ ಹೋಗುತ್ತದೆ. ಸೊಂಟಕ್ಕಿಂತ ಕೆಳಗೆ ಇಲ್ಲವೇ ತಲೆಯಿಂದ ಎಷ್ಟೋ ಮೇಲೆ, ಎರಡರಲ್ಲಿ ಒಂದು. ಮಂಡಿಗೆ ಒಂದು ಹಳೆಯ ಕ್ರಿಕೆಟ್ ಪ್ಯಾಡೋ ಸ್ಪಂಜೋ ಕಟ್ಟಿಕೊಂಡರೆ ನಗುವವರು ನಗಲಿ. ಕ್ಯಾಮೆರಾ ಕೆಳಗಿಳಿಸಿದರೆ ಇನ್ನೊಂದು ಲಾಭವೂ ಇದೆ: ಕುಡ್ಲೆ ಸಾರ್ವಜನಿಕ ದಂಡೆ, ಹಿಂದೆ ವಾಲಿಬಾಲ್ ಆಡುವವರು, ನಾಯಿ, ದನ ಎಲ್ಲ ಇರುತ್ತವೆ. ಕೆಳಗಿನಿಂದ 135–200ರಲ್ಲಿ ತೆಗೆದರೆ ದೂರದವರೆಲ್ಲ ಕಡಲಂಚಿನ ಒಂದು ತೆಳು ಪಟ್ಟಿಯಲ್ಲಿ ಸೇರಿ, ಮುಂದಿರುವ ಜೋಡಿಯ ಹಿಂದೆ ಮರೆಯಾಗುತ್ತಾರೆ.

ನಲವತ್ತು ಜನರ ಗುಂಪು ಫೋಟೊಗೆ ಛತ್ರದ ಹಾಗೆ ಬೆಂಚು ಹುಡುಕಬೇಡಿ. ದಂಡೆಯ ಇಳಿಜಾರೇ ಮೆಟ್ಟಿಲು. ಅವರು ಕಡಲಿಗೆ ಮುಖ ಮಾಡಿ ಮೇಲಿನಿಂದ ಕೆಳಕ್ಕೆ ಮೂರು ಸಾಲು. ನೀವು ನೀರಿನ ಬದಿ, 35ರಲ್ಲಿ, ಎಫ್/5.6 ಅಥವಾ 8. 6:10ರ ಮಬ್ಬು ಬಿಸಿಲಿಗೆ ಯಾರೂ ಕಣ್ಣು ಕಿರಿದು ಮಾಡುವುದಿಲ್ಲ. ಬೆನ್ನ ಹಿಂದಿನ ಅಲೆಯ ಮೇಲೆ ಕಣ್ಣಿಡಲು ಒಬ್ಬ ಸಹಾಯಕ ಬೇಕೇ ಬೇಕು.

‘ಪೋಸ್ ಬೇಡ’ ಎಂದವರಿಗೆ ಏನೂ ಹೇಳದೆ ಬಿಟ್ಟರೆ ಅವರು ಕೈ ಎಲ್ಲಿಡಬೇಕೆಂದು ತಿಳಿಯದೆ ನಿಮ್ಮನ್ನೇ ನೋಡುತ್ತ ನಿಲ್ಲುತ್ತಾರೆ. ಪೋಸ್ ಬದಲು ಕೆಲಸ ಕೊಡಿ. ‘ಆ ದೋಣಿಯಿಂದ ಈ ಕಪ್ಪು ಬಂಡೆವರೆಗೆ ನಡೆದು ಬನ್ನಿ, ನನ್ನ ಕಡೆ ನೋಡಬೇಡಿ.’ ‘ಅವಳ ಕಾಲ್ಗೆಜ್ಜೆ ಬಿಚ್ಚಿಕೊಂಡಿದೆ, ಕಟ್ಟಿ.’ ‘ಮುಂದಿನ ಅಲೆ ಎಲ್ಲಿಯವರೆಗೆ ಬರುತ್ತದೆ, ಇಬ್ಬರೂ ಪಂದ್ಯ ಕಟ್ಟಿ.’ ಕೊನೆಯದು ಸುಳ್ಳಾಗದ ಉಪಾಯ, ಸೋತವರ ಮುಖ ನೋಡಿ. ನಡೆಯುವಾಗ ಶಟರ್ 1/500, ನೀರೆರಚಾಟಕ್ಕೆ 1/1000, ಫೋಕಸ್ ಕಂಟಿನ್ಯುಯಸ್. ಸೂರ್ಯ ನೇರ ಲೆನ್ಸಿಗೆ ಬಡಿದು ಫೋಕಸ್ ತಡವರಿಸಿದರೆ ಹುಡ್ ಮೇಲೆ ಅಂಗೈ ಅಡ್ಡ ಹಿಡಿಯಿರಿ, ಇಲ್ಲವೇ ಸೂರ್ಯನನ್ನು ಅವರ ತಲೆಯ ಹಿಂದೆ ಅರ್ಧ ಮರೆಮಾಡಿ. ನೀರಿಗಿಳಿಯುವುದು ಕೊನೆಗೆ. ರೇಷ್ಮೆ ಸೀರೆಗೆ ಉಪ್ಪುನೀರು ತಾಕಿದರೆ ಒಣಗಿದ ಮೇಲೆ ಬಿಳಿ ಕಲೆ ಏಳುತ್ತದೆ, ಇದನ್ನು ಮೊದಲೇ ಹೇಳಿಬಿಡಿ.

ಸಿಲೂಯೆಟ್‌ಗೆ, ಅಂದರೆ ಕಪ್ಪು ನೆರಳಾಕೃತಿಗೆ, ಆಕಾಶಕ್ಕೆ ಮೀಟರ್ ಹಿಡಿದು ತೆಗೆಯಿರಿ. ಎರಡು ಮುಖಗಳ ನಡುವೆ ಬೆಳಕಿನ ಸಂದಿ ಇರಬೇಕು, ಅಪ್ಪಿಕೊಂಡರೆ ಇಬ್ಬರೂ ಸೇರಿ ಒಂದು ಬಂಡೆಯಾಗುತ್ತಾರೆ.

ಫ್ಲ್ಯಾಶ್ ವಿಷಯದಲ್ಲಿ ಛತ್ರದ ಅಭ್ಯಾಸ ಪೂರ್ತಿ ಕೈಕೊಡುತ್ತದೆ, ಏಕೆಂದರೆ ಬೌನ್ಸ್ ಮಾಡಲು ಇಲ್ಲಿ ಸೂರು ಇಲ್ಲ. ಮೇಲಕ್ಕೆ ತಿರುಗಿಸಿ ಹೊಡೆದ ಬೆಳಕು ಆಕಾಶಕ್ಕೆ ಹೋಗುತ್ತದೆ, ಬ್ಯಾಟರಿ ಖಾಲಿಯಾಗುತ್ತದೆ. ಒಂದು ಸ್ಪೀಡ್‌ಲೈಟನ್ನು ಮಾನೊಪಾಡ್ ತುದಿಗೆ ಕಟ್ಟಿ, ಚಿಕ್ಕ ಸಾಫ್ಟ್‌ಬಾಕ್ಸ್ ಹಾಕಿ ಸಹಾಯಕರ ಕೈಗೆ ಕೊಡಿ. ಸ್ಟ್ಯಾಂಡ್ ಮೇಲೆ ಛತ್ರಿ ಬೇಡ, ಕಡಲ ಗಾಳಿಗೆ ಅದು ಹಾಯಿಪಟ. ಸ್ಟ್ಯಾಂಡ್ ಇಡಲೇಬೇಕಿದ್ದರೆ ಖಾಲಿ ಅಕ್ಕಿ ಚೀಲಕ್ಕೆ ಹತ್ತು ಕಿಲೋದಷ್ಟು ಮರಳು ತುಂಬಿ ತೂಗುಹಾಕಿ. ಬಿಸಿಲಿರುವಾಗ ಶಟರ್ ಸಿಂಕ್ ವೇಗವನ್ನು, ಅಂದರೆ ಫ್ಲ್ಯಾಶ್ ಇಡೀ ಫ್ರೇಮಿಗೆ ಬೀಳುವ ಮಿತಿಯಾದ ಸುಮಾರು 1/200ನ್ನು, ದಾಟಬಾರದು; ಆ ಮಿತಿ ದಾಟಿಸುವ ಹೈಸ್ಪೀಡ್ ಸಿಂಕ್ ಹಾಕಿದರೆ ಫ್ಲ್ಯಾಶ್‌ನ ಬಲ ಸುಮಾರು ಎರಡು ಸ್ಟಾಪ್ ಕುಸಿಯುತ್ತದೆ. ಬೆಳಕು ತಗ್ಗಿಸುವ ಮೂರು ಸ್ಟಾಪಿನ ಎನ್‌ಡಿ ಫಿಲ್ಟರ್ ಹಾಕಿ ಸಿಂಕ್ ವೇಗದಲ್ಲೇ ಎಫ್/4 ಇಟ್ಟುಕೊಳ್ಳುವುದು ಹೆಚ್ಚು ನೆಚ್ಚಬಹುದಾದ ದಾರಿ. ಫ್ಲ್ಯಾಶ್ ಮುಖಕ್ಕೆ ಅರ್ಧ ಸಿಟಿಒ (ಬೆಳಕನ್ನು ಬೆಚ್ಚಗಾಗಿಸುವ) ಕಿತ್ತಳೆ ಜೆಲ್ ಹಾಳೆ ಅಂಟಿಸಿ. ಇಲ್ಲದಿದ್ದರೆ ಹೊನ್ನಿನ ಸಂಜೆಯಲ್ಲಿ ಮುಖ ಮಾತ್ರ ಟ್ಯೂಬ್‌ಲೈಟ್ ಕೆಳಗಿದ್ದಂತೆ ಕಾಣುತ್ತದೆ. ನಿಜ ಹೇಳಬೇಕೆಂದರೆ 6:35ರ ಮೊದಲು ನಿಮಗೆ ಫ್ಲ್ಯಾಶ್ ಬೇಕಾಗುವುದೇ ಅಪರೂಪ. ಬಿಳಿ ಪಂಚೆಯೊಂದನ್ನು ಇಬ್ಬರು ಹಿಡಿದು ನಿಂತರೂ ಸಾಕಾಗುತ್ತದೆ.

ಕತ್ತಲಾದ ಮೇಲೆ ಸರಬೆಳಕು, ಬೆಂಕಿ. ಐಎಸ್‌ಒ 3200–6400, ಎಫ್/1.8 ಅಥವಾ 2, 3200–3800 ಕೆಲ್ವಿನ್. ಅಗ್ಗದ ಎಲ್‌ಇಡಿ ಸರಗಳು ಸೆಕೆಂಡಿಗೆ ನೂರು ಬಾರಿ ಮಿಟುಕುತ್ತವೆ, ಹೆಚ್ಚಿನ ಶಟರ್‌ನಲ್ಲಿ ಚಿತ್ರಕ್ಕೆ ಅಡ್ಡ ಪಟ್ಟೆ ಬೀಳುತ್ತದೆ; 1/100 ಅಥವಾ 1/50ಕ್ಕೆ ಇಳಿಸಿ. ಲೆನ್ಸ್ ಮುಂದಿನ ಯುವಿ ಫಿಲ್ಟರ್ ತೆಗೆದುಬಿಡಿ, ಇಲ್ಲವಾದರೆ ಪ್ರತಿ ದೀಪಕ್ಕೂ ಒಂದು ಹಸಿರು ಭೂತ ಜೊತೆಯಾಗುತ್ತದೆ. ಹಗಲು ಮಾತ್ರ ಅದೇ ಫಿಲ್ಟರ್ ಇರಲಿ, ಉಪ್ಪಿನ ಹನಿಗೆ ಅದು ಕವಚ.

ಅನುಮತಿಯ ಮಾತು ಚಿಕ್ಕದಾಗಿ. ಸ್ಥಳೀಯ ಆಡಳಿತ, ಪೊಲೀಸರ ಒಪ್ಪಿಗೆ ಪತ್ರ ಮನೆಯವರ ಬಳಿ ಇದೆಯೇ ಕೇಳಿ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ನಿಷಿದ್ಧ. ಡ್ರೋನ್ ಹಾರಿಸುವವರು ಡಿಜಿಟಲ್ ಸ್ಕೈ ನಕ್ಷೆ (ಡ್ರೋನ್ ವಲಯಗಳ ಸರ್ಕಾರಿ ನಕ್ಷೆ) ನೋಡಿಯೇ ಹಾರಿಸಬೇಕು; ಇದೇ ಜಿಲ್ಲೆಯ ಕಾರವಾರದಲ್ಲಿ ನೌಕಾನೆಲೆ ಇದೆ, ಇಲ್ಲಿ ಉಡಾಫೆ ನಡೆಯುವುದಿಲ್ಲ. ಚಳಿಗಾಲ ಉತ್ತರ ಕನ್ನಡದ ದಂಡೆಗಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುವ ಕಾಲವೂ ಹೌದು, ರಾತ್ರಿಯಿಡೀ ನೀರಿನತ್ತ ಫ್ಲಡ್‌ಲೈಟ್ ಬಿಡಿಸಬೇಡಿ.

ಎಡಿಟಿಂಗ್‌ನಲ್ಲಿ ‘ಬೊಹೊ ಪ್ರೀಸೆಟ್’ (ಬಣ್ಣದ ಸಿದ್ಧ ಹೊಂದಿಕೆ) ಕೊಂಡು ಎಲ್ಲದಕ್ಕೂ ಹಚ್ಚುವ ಚಾಳಿ ಬೇಡ. ಅವುಗಳಲ್ಲಿ ಹೆಚ್ಚಿನವು ಬಿಳಿ ಚರ್ಮಕ್ಕೆ ಹೊಂದಿಸಿದವು, ನಮ್ಮ ಗೋಧಿ–ಎಣ್ಣೆಗೆಂಪು ಮೈಬಣ್ಣಕ್ಕೆ ಹಾಕಿದರೆ ಬೂದಿ ಬಳಿದಂತಾಗುತ್ತದೆ. ಹಸಿರನ್ನು ಸ್ವಲ್ಪ ತಗ್ಗಿಸಿ, ಕಿತ್ತಳೆಯ ಬೆಳಕನ್ನು ತುಸು ಏರಿಸಿ, ಅಷ್ಟಕ್ಕೆ ನಿಲ್ಲಿಸಿ. ಸಂಜೆಯ ಅರಬ್ಬೀ ಸಮುದ್ರ ಇಲ್ಲಿ ಬೂದುಹಸಿರು. ಅದಕ್ಕೆ ಮಾಲ್ಡೀವ್ಸ್‌ನ ನೀಲಿ ಬಳಿದರೆ ಗೋಕರ್ಣ ಕಂಡವರು ಯಾರೂ ನಂಬುವುದಿಲ್ಲ.

ಕೊನೆಗೆ ಸಾಮಾನಿನ ಆರೈಕೆ. ಎರಡು ಕ್ಯಾಮೆರಾ ಬಾಡಿಗಳಿಗೆ 35 ಮತ್ತು 70–200 ಹಾಕಿಯೇ ಇಳಿಯಿರಿ. 85 ಬೇಕೆಂದರೆ ದಂಡೆಯ ಮೇಲಿನ ಯಾವುದಾದರೂ ಕೋಣೆಯೊಳಗೆ ಬದಲಿಸಿ, ಮರಳಿನ ಮೇಲಂತೂ ಲೆನ್ಸ್ ಬಿಚ್ಚಬೇಡಿ. ಎಸಿ ಕೋಣೆಯಿಂದ ಕ್ಯಾಮೆರಾವನ್ನು ಸೀದಾ ಹೊರಗೆ ತಂದರೆ ಗಾಜಿಗೆ ಮಂಜು ಕಟ್ಟುತ್ತದೆ. ಮುಚ್ಚಿದ ಬ್ಯಾಗಿನಲ್ಲೇ ಅರ್ಧ–ಮುಕ್ಕಾಲು ಗಂಟೆ ಮೊದಲು ಹೊರಗಿಡಿ. ಗಾಜಿನ ಮೇಲೆ ಉಪ್ಪಿನ ಹನಿ ಒಣಗಿದ್ದರೆ ಶರ್ಟಿನ ತುದಿಯಿಂದ ಒರೆಸಲೇಬಾರದು, ಉಪ್ಪಿನ ಹರಳೂ ಮರಳೂ ಸೇರಿ ಗೀರುತ್ತವೆ. ಮೊದಲು ಬ್ಲೋವರ್, ಆಮೇಲೆ ಮೆತ್ತನೆ ಬ್ರಷ್, ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ತುಸು ತೇವ ಮಾಡಿದ ಮೈಕ್ರೊಫೈಬರ್ ಬಟ್ಟೆ, ಕಡೆಗೆ ಲೆನ್ಸ್ ದ್ರವ. ರೂಮಿಗೆ ಬಂದವರು ಎಷ್ಟೇ ಸುಸ್ತಾಗಿದ್ದರೂ ಮಲಗುವ ಮುಂಚೆ ಕಾರ್ಡುಗಳನ್ನು ಎರಡು ಡಿಸ್ಕಿಗೆ ಇಳಿಸಿ, ಬಾಡಿಯನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ. ಟ್ರೈಪಾಡ್ ಕಾಲುಗಳನ್ನು ಪೂರ್ತಿ ಬಿಚ್ಚಿ ಸಿಹಿನೀರಿನಲ್ಲಿ ತೊಳೆದು ನೆರಳಿಗಿಡಿ. ಬೆಳಿಗ್ಗೆ ನೋಡೋಣ ಎಂದು ಬಿಟ್ಟರೆ ಅಷ್ಟರಲ್ಲಿ ತಿರುಪುಗಳಲ್ಲಿ ಉಪ್ಪು ಗಟ್ಟಿಯಾಗಿ, ಮರಳು ಕರಕರ ಎನ್ನುತ್ತಿರುತ್ತದೆ.